ಎರವಲು ಹೋದ ದೀಪಸ್ತಂಭ

ತೊಂಬತ್ತರ ದಶಕದಲ್ಲಿ ನನಗೆ ಎರಡು ಹುಚ್ಚುಗಳಿದ್ದವು. ಒಂದು, ಹಳೆಯ ಇಂಕ್ ಪೆನ್ನುಗಳನ್ನು ಬಿಚ್ಚಿ ಸರಿಮಾಡುವುದು. ಇನ್ನೊಂದು, ಓದಿದ ಪುಸ್ತಕವನ್ನೇ ಮತ್ತೆ ಓದುವುದು. ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ನನ್ನ ಕೆಲಸ, ಜೋಗುಪಾಳ್ಯದಲ್ಲಿ ಬಾಡಿಗೆ ಮನೆ. ಯಾರಾದರೂ ಹೊಸ ಪುಸ್ತಕ ಕೊಟ್ಟರೆ ಅದು ತಿಂಗಳುಗಟ್ಟಲೆ ಕಪಾಟಿನಲ್ಲೇ ಇರುತ್ತಿತ್ತು. ಕೊಲೆಗಾರ ಯಾರೆಂದು ಗೊತ್ತಿದ್ದ ಪತ್ತೇದಾರಿ ಕಾದಂಬರಿಯನ್ನು ಮಾತ್ರ ವರ್ಷಕ್ಕೊಮ್ಮೆ ಓದುತ್ತಿದ್ದೆ. ಮಾವಿನ ಗಿಡಕ್ಕೆ ಕಸಿ ಕಟ್ಟುವ ಬಗ್ಗೆ ಒಂದು ಕೈಪಿಡಿಯಿತ್ತು. ನಮ್ಮ ಮನೆಯಲ್ಲಿ ಒಂದು ಕುಂಡ ಇಡುವಷ್ಟೂ ಜಾಗವಿರಲಿಲ್ಲ, ಆದರೂ ಅದನ್ನು ನಾಲ್ಕೈದು ಸಲ ಓದಿದ್ದೆ. ಎಲ್ಲಕ್ಕಿಂತ ಅಚ್ಚುಮೆಚ್ಚಿನದು, ಸಮುದ್ರದಂಡೆಯ ದೀಪಸ್ತಂಭದಲ್ಲಿ ದೀಪ ಹಚ್ಚುವವನೊಬ್ಬನ ಸಂಸಾರದ ಕಾದಂಬರಿ. ಮರುಮುದ್ರಣವಾಗದ ಪುಸ್ತಕ, ಬೈಂಡು ಸಡಿಲವಾಗಿತ್ತು.

ಭಾನುವಾರ ಬೆಳಿಗ್ಗೆ ಶಿವಾಜಿನಗರಕ್ಕೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಗಳಲ್ಲಿ ಹಳೇ ಸಾಮಾನು ಹರಡಿಕೊಂಡು ಕೂರುವವರ ಬಳಿ ಮುರಿದ ಪೆನ್ನುಗಳು ಸಿಗುತ್ತಿದ್ದವು. ಅಲ್ಲೇ ಗುಂಡಿ, ಲೇಸು, ದಾರ ಮಾರುವ ಒಂದು ಅಂಗಡಿ. ಅಣ್ಣ ತಮ್ಮ ಇಬ್ಬರು ನೋಡಿಕೊಳ್ಳುತ್ತಿದ್ದರು. ಇಂಕು ಸೋರದಂತೆ ಪೆನ್ನಿನ ಮರೆಗೆ ಸುತ್ತಲು ತೆಳು ರೇಷ್ಮೆ ದಾರ ಬೇಕೆಂದು ಹೋದಾಗ ತಮ್ಮ ಕೇಳಿದ, "ಇಷ್ಟೇ ಇಷ್ಟು ದಾರ ಯಾಕೆ ಸಾರ್?" ಹೇಳಿದೆ. ಮುಂದಿನ ವಾರ ಅವನೂ ನನ್ನ ಜೊತೆ ಪೆನ್ನು ಹುಡುಕಲು ಬಂದ. ಮನೆಯಲ್ಲಿ ದಖನಿ ಉರ್ದು ಮಾತಾಡುವವನು, ಓದಿದ್ದು ಕನ್ನಡ ಶಾಲೆಯಲ್ಲಿ. ಶಾಲೆ ಬಿಟ್ಟ ಮೇಲೆ ಕನ್ನಡ ಪುಸ್ತಕ ಮುಟ್ಟಿಲ್ಲ ಎಂದಾಗ ನಾನು ದೀಪಸ್ತಂಭದ ಕಾದಂಬರಿಯನ್ನು ಕೊಟ್ಟೆ. ನನ್ನ ಹೆಂಡತಿಗೂ ಅದನ್ನು ಮನೆಯಾಚೆ ಒಯ್ಯಲು ಬಿಟ್ಟವನಲ್ಲ.

ಅವನು ನಿಧಾನವಾಗಿ ಓದಿದ. ಪ್ರತಿ ಭಾನುವಾರ ಟೀ ಅಂಗಡಿಯಲ್ಲಿ ಕೂತು ತನಗೆ ಹಿಡಿಸಿದ ಸಾಲುಗಳನ್ನು ಗಟ್ಟಿಯಾಗಿ ಓದಿ ತೋರಿಸುತ್ತಿದ್ದ. ಒಂದು ಸಲ 'ಭಯ' ಎನ್ನುವುದನ್ನು 'ಬಯ' ಎಂದ. ತಿದ್ದಿದೆ. ಮತ್ತೆ ಹಾಗೇ ಅಂದ, ಮತ್ತೆ ತಿದ್ದಿದೆ. ಮೂರನೆಯ ಸಲ, "ಹೊಟ್ಟೆಯಿಂದ ಹೇಳ್ರೀ, ಭ, ಭ," ಎಂದೆ. ಪಕ್ಕದ ಬೆಂಚಿನವರು ನಕ್ಕರು. ಅವನು ಪುಸ್ತಕ ಮುಚ್ಚಿ, "ಸರಿ," ಎಂದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅಂಗಡಿಗೆ ಹೋದರೆ ಅಣ್ಣ, "ಎಲ್ಲೋ ಹೋಗವ್ನೆ, ಗೊತ್ತಿಲ್ಲ," ಎಂದ. ಅದರ ಮುಂದಿನ ವಾರವೂ ಅದೇ ಉತ್ತರ. ಒಂದು ದಿನ ದೂರದಿಂದ ಅವನು ಕಂಡ. ನನ್ನನ್ನು ನೋಡಿದವನೇ ಒಳಗೆ ಹೋಗಿಬಿಟ್ಟ. ನಾನು ಅಲ್ಲಿಂದಲೇ ತಿರುಗಿದೆ. ನಾಲ್ಕು ಜನರ ಮುಂದೆ ಅವನ ನಾಲಿಗೆಯನ್ನು ತಿದ್ದಲು ನಾನು ಯಾರು? ಕಾರ್ಖಾನೆಯಲ್ಲಿ ಇಂಗ್ಲಿಷ್ ಮಾತಾಡುವಾಗ ನನ್ನದೇ ನಾಲಿಗೆ ಹೊರಳುತ್ತಿರಲಿಲ್ಲ. ಮೂರು ತಿಂಗಳು ಹೀಗೇ ಕಳೆಯಿತು. ಪೆನ್ನುಗಳ ಡಬ್ಬಿ ತೆಗೆಯುವ ಮನಸ್ಸೂ ಇರಲಿಲ್ಲ, ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ. ಹೆಂಡತಿ ಹೇಳಿದಳು, "ಪುಸ್ತಕ ಹೋದ್ರೆ ಹೋಗ್ಲಿ. ಹೋಗಿ ತಪ್ಪಾಯ್ತು ಅಂತ ಹೇಳ್ಬಿಟ್ಟು ಬನ್ನಿ. ನಿಮ್ಮ ಮುಖ ನೋಡೋಕಾಗ್ತಿಲ್ಲ."

ಒಂದು ಬುಧವಾರ ಕೆಲಸ ಮುಗಿಸಿ ನೇರವಾಗಿ ಶಿವಾಜಿನಗರಕ್ಕೆ ಹೋದೆ. ಅವನೊಬ್ಬನೇ ಇದ್ದ, ಗಿರಾಕಿಗೆ ಲೇಸು ಅಳೆದು ಕೊಡುತ್ತಿದ್ದ. ಗಿರಾಕಿ ಹೋಗುವವರೆಗೆ ಕಾದೆ.

"ಅವತ್ತು ಟೀ ಅಂಗಡೀಲಿ ನಾನು ಹಾಗೆ ಹೇಳ್ಬಾರ್ದಿತ್ತು," ಎಂದೆ. "ತಪ್ಪಾಯ್ತು."

"ಹೇಗೆ?"

"ಅದೇ, ಭಯ ಅನ್ನೋದನ್ನ ತಿದ್ದಿದ್ದು. ಎಲ್ಲರೂ ನಕ್ರು."

ಅವನು ಲೇಸಿನ ಸುರುಳಿ ಕೆಳಗಿಟ್ಟ. "ಅದಾ? ನಮ್ಮ ಮೇಷ್ಟ್ರು ಅದಕ್ಕೆ ಏಳು ವರ್ಷ ಹೊಡೆದ್ರು ಸಾರ್, ಆಗ್ಲೂ ಬರ್ಲಿಲ್ಲ. ನೀವು ಅದನ್ನ ಹೇಳೋಕೆ ಬಂದ್ರಾ? ನೀವು ಪುಸ್ತಕ ಕೇಳೋಕೆ ಬರ್ತೀರಾ ಅಂತ ನಾನು ಮೂರು ತಿಂಗ್ಳಿಂದ ಹೆದರ್ಕೊಂಡು ಸಾಯ್ತಿದ್ದೀನಿ."

ಗಲ್ಲಾದ ಕೆಳಗಿಂದ ಪುಸ್ತಕ ತೆಗೆದ. ಹಬ್ಬಕ್ಕೆ ತಂದಿದ್ದ ಮೇಕೆಯನ್ನು ಮನೆಯ ಮೆಟ್ಟಿಲ ಬಳಿ ಕಟ್ಟಿದ್ದರಂತೆ. ಅದಕ್ಕೆ ಸೊಪ್ಪು ಹಾಕುತ್ತಾ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದವನು ನೀರು ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಅದು ಕೊನೆಯ ಹದಿನಾಲ್ಕು ಪುಟಗಳನ್ನು ತಿಂದು ಹಾಕಿತ್ತು. ಊರೆಲ್ಲ ಹುಡುಕಿದರೂ ಇನ್ನೊಂದು ಪ್ರತಿ ಸಿಗಲಿಲ್ಲ. ಕೊನೆಗೆ ಹಲಸೂರಿನ ಒಂದು ಗ್ರಂಥಾಲಯದಲ್ಲಿತ್ತು, ಹೊರಗೆ ಕೊಡುವುದಿಲ್ಲ ಎಂದರು. ಭಾನುವಾರ ಭಾನುವಾರ ಅಲ್ಲಿ ಕೂತು ಕೈಯಲ್ಲಿ ನಕಲು ಮಾಡಿದ್ದ. ಗೆರೆ ಹಾಕಿದ ಹಾಳೆಗಳು, ನೀಲಿ ಇಂಕು, ಬಟನ್ ಹೊಲಿಯುವ ದಪ್ಪ ದಾರದಲ್ಲಿ ಬೈಂಡು.

"ಒಂದು ಜಾಗ ಬಿಟ್ಟಿದ್ದೀನಿ," ಎಂದು ಮೆಲ್ಲಗೆ ಹೇಳಿದ. "ಒಂದೂವರೆ ಪುಟ ಬರೀ ಸಮುದ್ರ ಇತ್ತು. ಕೈ ನೋಯ್ತಿತ್ತು. ಬೇಕಾದ್ರೆ ಮತ್ತೆ ಹೋಗಿ ಬರ್ಕೊಂಡು ಬರ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಆ ಒಂದೂವರೆ ಪುಟವನ್ನು ನಾನು ಎರಡನೆಯ ಓದಿನಿಂದಲೇ ಹಾರಿಸುತ್ತಾ ಬಂದಿದ್ದೆ. ಅಷ್ಟು ಮೆಚ್ಚಿದ ಪುಸ್ತಕದ ಬಗ್ಗೆ ಯಾರ ಹತ್ತಿರ ಹಾಗೆ ಹೇಳುವುದು? ಅವನಿಗೆ ಹೇಳಿದೆ. ಅವನು ಸ್ಟೂಲಿನ ಮೇಲೆ ಕುಸಿದು ಕೂತು, "ಮೊದ್ಲೇ ಹೇಳ್ಬಾರ್ದಾ? ಬರೆದು ಮುಗಿಸಿದ ಮೇಲೂ, ಅದನ್ನ ಬಿಟ್ಟಿದ್ದಕ್ಕೇ ಇನ್ನೆರಡು ವಾರ ಅಂಗಡೀಲಿ ಅವಿತ್ಕೊಂಡಿದ್ದೆ," ಎಂದ.

ಆಮೇಲೆ ಸಮೋಸ ತಿಂದೆವು. ಮಾತು ಮುಗಿಯಲೇ ಇಲ್ಲ. ದೀಪ ಹಚ್ಚುವವನ ಹೆಂಡತಿ ಕೊನೆಗೆ ತವರಿಗೆ ಹೋದದ್ದು ಸರಿಯೇ ತಪ್ಪೇ ಎಂದು ಜಗಳವಾಡಿದೆವು. ಅವಳು ಹೋದದ್ದೇ ಸರಿ ಎಂದ ಅವನು. ಅಷ್ಟು ವರ್ಷ ಓದಿದ್ದರೂ ನನಗೆ ಆ ಯೋಚನೆಯೇ ಬಂದಿರಲಿಲ್ಲ. ಅಂಗಡಿಯ ಬಾಗಿಲು ಎಳೆದು ಅವನು ಬಸ್ ಸ್ಟ್ಯಾಂಡಿನವರೆಗೂ ಬಂದ.

ಕಿಟಕಿ ಪಕ್ಕ ಸೀಟು ಸಿಕ್ಕಿತು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ನಾನು ಇಳಿಯಬೇಕಿದ್ದ ಹಲಸೂರು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಕಂಡಕ್ಟರ್ ಭುಜ ತಟ್ಟಿ, "ಎಲ್ಲಿಗ್ರೀ ನೀವು?" ಎಂದಾಗ ಬಸ್ಸು ಇಂದಿರಾನಗರ ದಾಟುತ್ತಿತ್ತು. ಇಳಿದು, ನೂರಡಿ ರಸ್ತೆಯ ಮರಗಳ ಕೆಳಗೆ ನಿಧಾನವಾಗಿ ವಾಪಸು ನಡೆದೆ.