ನೀಲಿ ಮುಚ್ಚಳದ ಬಟ್ಟಲು

ಮುಂಡಗೋಡ ಹತ್ತಿರದ ಕೆರೆಗೆ ಚಳಿಗಾಲದಲ್ಲಿ ಬರುವ ಕಡಲಹಕ್ಕಿಗಳು ಬಣ್ಣ ನೋಡಿ ಕಲಿಯುತ್ತವೆಯೇ ಎಂದು ತಿಳಿಯುವುದು ನನ್ನ ಕೆಲಸ. ಕೆಂಪು ಮುಚ್ಚಳದ ಬಟ್ಟಲಲ್ಲಿ ರೊಟ್ಟಿ ಚೂರು, ನೀಲಿಯದು ಖಾಲಿ. ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಮಂಜಿನೊಳಗಿಂದ ಬಿಳಿ ರೆಕ್ಕೆಗಳು ಕನಸಿನ ಹಾಗೆ ಇಳಿದು, ದಿನವೂ ಎರಡೂ ಮುಚ್ಚಳ ಎತ್ತುತ್ತಿದ್ದವು. “ದಡ್ಡ ಹಕ್ಕಿಗಳು” ಎಂದು ಬರೆದುಕೊಂಡೆ.

ಒಂದು ಮುಂಜಾನೆ ಚಹಾ ಬಿಟ್ಟು ಅಲ್ಲೇ ನಿಂತೆ. ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು, ದಿನದ ರೂಢಿಯೆಂಬಂತೆ, ನೀಲಿ ಬಟ್ಟಲಿಗೂ ತಮ್ಮ ಬುತ್ತಿಯ ರೊಟ್ಟಿ ಮುರಿದು ಹಾಕಿದರು.

“ಅದು ಖಾಲೀನ ಇರಬೇಕ್ರಿ ಅಜ್ಜಿ,” ಎಂದೆ.

“ದೂರದಿಂದ ಬಂದ ಪಾವಣ್ಯಾರ ಮುಂದ ಖಾಲಿ ತಾಟ ಇಡ್ತಾರೇನೋ ತಮ್ಮಾ?”

ಮರುದಿನ ಅಜ್ಜಿ ಬರುವುದು ತಡವಾಯಿತು. ಹಕ್ಕಿಗಳು ಕೆಂಪು ಬಟ್ಟಲು ಬರಿದು ಮಾಡಿ, ನೀಲಿಯದನ್ನು ಮುಟ್ಟದೆ, ಎಮ್ಮೆ ಬರುವ ದಾರಿ ನೋಡುತ್ತ ಕುಳಿತಿದ್ದವು. ನಾನು “ದಡ್ಡ” ಎಂಬುದನ್ನು ಹಾಗೇ ಬಿಟ್ಟು, “ಹಕ್ಕಿಗಳು” ಎಂಬುದನ್ನಷ್ಟೇ ಹೊಡೆದುಹಾಕಿದೆ.