ಗಲ್ಲ ತಿದ್ದುತ್ತಿದ್ದ ರಂಗಪ್ಪನವರು

ರಂಗಪ್ಪನವರು ಯಾರ ಜೊತೆ ಮಾತಾಡುವುದಕ್ಕೂ ಮೊದಲು ಅವರ ಗಲ್ಲವನ್ನು ಸರಿಮಾಡುತ್ತಿದ್ದರು. ಗಂಡಸರಾದರೆ ಎರಡು ಬೆರಳಲ್ಲಿ ಹಿಡಿದು, ಎಡಕ್ಕೆ ಒಂದಿಷ್ಟು ತಿರುಗಿಸಿ, ಕೆಳಕ್ಕೆ ಒಂದಿಷ್ಟು ಇಳಿಸಿ, ಆಮೇಲೆ "ಹೂಂ, ಏನ್ ಸಮಾಚಾರ?" ಎನ್ನುತ್ತಿದ್ದರು. ಹೆಂಗಸರನ್ನು ಮುಟ್ಟುತ್ತಿರಲಿಲ್ಲ. ದೂರದಿಂದಲೇ ಎರಡು ಬೆರಳನ್ನು ಗಾಳಿಯಲ್ಲಿ ಇಳಿಸುತ್ತಿದ್ದರು. ನಮ್ಮ ಗಲ್ಲ ತಾನಾಗಿ ಇಳಿಯುತ್ತಿತ್ತು. ಹೆಲ್ಮೆಟ್ ಇಲ್ಲವೆಂದು ಅವರ ಅಳಿಯನ ಸ್ಕೂಟರ್ ನಿಲ್ಲಿಸಿದ ಪೊಲೀಸಿನವನ ಗಲ್ಲವನ್ನೂ, ಹಿಂದೆ ಕೂತಿದ್ದ ಇವರು ತಿದ್ದಿದ್ದರಂತೆ. ಆತ ಕಕ್ಕಾಬಿಕ್ಕಿಯಾಗಿ ಇಬ್ಬರನ್ನೂ ಹಾಗೇ ಬಿಟ್ಟನಂತೆ.

ನೀವು ಮೊಮ್ಮಕ್ಕಳು ಅವರನ್ನು ಸರಿಯಾಗಿ ನೋಡಿಲ್ಲ. ಆದರೆ ಅವರು ತೆಗೆದ ಫೋಟೋವನ್ನು ದಿನಾ ನೋಡುತ್ತೀರಿ. ನಡುಮನೆಯ ಗೋಡೆಯ ಮೇಲೆ ನಾನೂ ನಿಮ್ಮ ತಾತನೂ ನಿಂತಿರುವ ಮದುವೆ ಫೋಟೋ ಅವರದೇ. "ಅಜ್ಜಿ ಆಗ ಎಷ್ಟು ಧೈರ್ಯವಾಗಿ ನೋಡ್ತಿದ್ದಾಳೆ, ಈಗ ಕೊರಿಯರಿನವರು ಬಂದರೂ ಒಳಗೆ ಓಡ್ತಾಳೆ" ಎಂದು ನೀವು ರೇಗಿಸುವುದು ಅದೇ ಫೋಟೋ ತೋರಿಸಿ. ಗುಬ್ಬಿಯಲ್ಲಿ ಅವರ ಸ್ಟುಡಿಯೋ ನಲವತ್ತು ವರ್ಷ ನಡೆಯಿತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬಾಗಿಲು ಹಾಕಿಕೊಂಡು, ಮರಳೂರಿಗೆ ಬಂದು, ನಮ್ಮ ಮನೆಯಿಂದ ಎರಡು ಮನೆ ಆಚೆ ಮಗಳ ಮನೆಯಲ್ಲಿ ಇದ್ದರು. ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಭೂತಗನ್ನಡಿ ಸದಾ ಇರುತ್ತಿತ್ತು. ತರಕಾರಿ ಗಾಡಿಯ ಬದನೆಕಾಯನ್ನೂ ಅದರಲ್ಲೇ ನೋಡಿ ಕೊಳ್ಳುತ್ತಿದ್ದರು.

ನಮ್ಮ ಬಡಾವಣೆಯ ಸಂಘ ರಾಜ್ಯೋತ್ಸವಕ್ಕೆ ಫೋಟೋ ಸ್ಪರ್ಧೆ ಇಟ್ಟ ಮೊದಲ ವರ್ಷ ಬಹುಮಾನ ಬಂದದ್ದು ಕುಣಿಗಲ್ ಕೆರೆಯ ಚಿತ್ರಕ್ಕೆ. ನೀರಿನ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಚಂದ್ರ. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಕುಣಿಗಲ್‌ನವರೊಬ್ಬರು ಎದ್ದು, "ಸ್ವಾಮಿ, ನಾನು ಹುಟ್ಟಿದಾಗ್ನಿಂದ ಆ ಏರಿ ಮೇಲೆ ಓಡಾಡ್ತಿದೀನಿ. ಚಂದ್ರ ಒಂದ್ಸಲನೂ ಆ ಕಡೆ ಹುಟ್ಟಿಲ್ಲ" ಎಂದರು. ಚಂದ್ರನನ್ನು ಕಂಪ್ಯೂಟರಿನಲ್ಲಿ ಅಂಟಿಸಿದ್ದರು. ದೊಡ್ಡ ಗಲಾಟೆಯಾಯಿತು. ಸಾಲದ್ದಕ್ಕೆ, ಕೊರಳಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡವರ ಎದುರು ಮೊಬೈಲಿನವರನ್ನು ನಿಲ್ಲಿಸಿದ್ದು ಯಾವ ನ್ಯಾಯ ಎಂದು, ಮೊಬೈಲಿನಲ್ಲಿ ತೆಗೆದು ಕಳಿಸಿದ್ದ ಹೂ ಮಾರುವವರೊಬ್ಬರು ಕೇಳಿದರು.

ಹಾಗಾಗಿ ಎರಡನೇ ವರ್ಷಕ್ಕೆ ನಿಯಮ ಬರೆಯಲು ಸಮಿತಿಯಾಯಿತು. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಕಾರ್ಯದರ್ಶಿ ಗಿರೀಶ, ತೀರ್ಪುಗಾರರಾಗಿ ರಂಗಪ್ಪನವರು, ಒಬ್ಬ ಹೆಂಗಸು ಇರಲಿ ಎಂದು ನಾನು. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳಿಗೆ ಅಲ್ಲಿ ಏನು ಕೆಲಸ? ಆದರೆ ನನ್ನ ಅಕ್ಷರ ದುಂಡಗಿದೆ. ಮಾತಾಡದೆ ಬರೆದುಕೊಂಡಿದ್ದರೆ ಸಾಕು ಎಂದು ಒಪ್ಪಿದೆ.

ವಿಭಾಗಗಳಿಗೇ ಮೂರು ಸಂಜೆ ಹಿಡಿಯಿತು. ಮೊಬೈಲು ಒಂದು, ಕ್ಯಾಮೆರಾ ಒಂದು ಎಂಬುದು ಬೇಗ ಮುಗಿಯಿತು. ಹೆಂಗಸರಿಗೆ ಬೇರೆ ವಿಭಾಗ ಬೇಕೆಂದು ಗಿರೀಶ ಹೇಳಿದಾಗ ರಂಗಪ್ಪನವರು ಒಪ್ಪಲಿಲ್ಲ. "ಯಾಕಪ್ಪ? ಸೀರೆ ಉಟ್ಟವ್ರೋ ಪ್ಯಾಂಟ್ ಹಾಕ್ದವ್ರೋ ಅಂತ ಕ್ಯಾಮೆರಾಗೆ ಗೊತ್ತಾಯ್ತದಾ?" ನಾನು ಅದನ್ನೂ ಬರೆದುಕೊಂಡೆ, ಗಿರೀಶ ಆಮೇಲೆ ಹೊಡೆದು ಹಾಕಿಸಿದ.

ತಿದ್ದುವ ನಿಯಮ ಬಂದಾಗ ಜಗಳವೇ ಆಯಿತು. ಅಂಚು ಕತ್ತರಿಸಬಹುದೇ, ಬೆಳಕು ಹೆಚ್ಚಿಸಬಹುದೇ, ಹಿಂದಿನ ಕರೆಂಟು ಕಂಬ ಅಳಿಸಬಹುದೇ. ಒಂದಕ್ಕೆ ಹೂಂ ಎಂದರೆ ಇನ್ನೊಂದು ಬಾಗಿಲು ತೆರೆಯುತ್ತಿತ್ತು. ಬರೆದು ಹೊಡೆದು ನನ್ನ ಹಾಳೆ ಕಪ್ಪಾಯಿತು. ಬೇಸರದಲ್ಲಿ, ನನಗೇ ಗೊತ್ತಿಲ್ಲದೆ ಬಾಯಿಂದ ಬಂತು: "ಒಗ್ಗರಣೆ ಹಾಕ್ಲಿ, ಪಕ್ಕದ ಮನೆ ಸಾರು ತರೋದು ಬೇಡ."

ಇಬ್ಬರೂ ನನ್ನನ್ನೇ ನೋಡಿದರು. ರಂಗಪ್ಪನವರು ಎರಡು ಬೆರಳನ್ನು ಗಾಳಿಯಲ್ಲಿ ಇಳಿಸಿ, "ಗೌರಮ್ನೋರೆ, ಗಲ್ಲ ಕೆಳಕ್ಕೆ. ಇನ್ನೊಂದ್ಸಲ ಹೇಳಿ" ಎಂದರು. ಅದೇ ಮೂರನೇ ನಿಯಮವಾಯಿತು. ಅದರ ಕೆಳಗೆ ಗಿರೀಶ "ಅಂದರೆ, ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ತೆಗೆಯಬಾರದು" ಎಂದು ಬರೆಸಿದ. ನೋಟಿಸು ಹಾಕಿದ ಮರುದಿನವೇ ಒಬ್ಬರು ಬಂದು, ತಲೆಗೆ ಬಣ್ಣ ಹಚ್ಚಿಕೊಂಡು ಫೋಟೋ ತೆಗೆಸಿಕೊಂಡರೆ ಒಗ್ಗರಣೆಯೋ ಸಾರೋ ಎಂದು ಕೇಳಿದರು. "ಅದು ನಿಮ್ಮ ತಲೆ ವಿಚಾರ. ಸಂಘಕ್ಕೆ ಸೇರಿದ್ದಲ್ಲ" ಎಂದು ರಂಗಪ್ಪನವರು ಕಳಿಸಿದರು.

ಕೊನೆಗೆ, ಸ್ವಲ್ಪ ಸಂಕೋಚದಿಂದ, ಅವರೇ ಇನ್ನೊಂದು ವಿಭಾಗ ಕೇಳಿದರು: ಮನೆಯಲ್ಲಿರುವ ಹಳೇ ಫೋಟೋ. ಸ್ಟುಡಿಯೋ ಮುಚ್ಚಿದ ಮೇಲೆ ಅವರ ಕೆಲಸವನ್ನು ಕೇಳುವವರೇ ಇರಲಿಲ್ಲ. ಇದರಲ್ಲಾದರೂ ನಾಲ್ಕು ಜನ ನೋಡಲಿ ಎಂಬ ಆಸೆ ನಮಗೆ ಗೊತ್ತಾಗದೆ ಇರಲಿಲ್ಲ. ಮೂರನೇ ನಿಯಮ ಇದಕ್ಕೂ ಉಂಟೇ ಎಂದು ಗಿರೀಶ ಕೇಳಿದ. "ಎಲ್ಲಾರ್ಗೂ ಒಂದೇ. ನಮ್ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು?" ಎಂದರು ರಂಗಪ್ಪನವರು.

ಹದಿನಾಲ್ಕು ಹಳೇ ಫೋಟೋ ಬಂದವು. ಹದಿಮೂರರ ಹಿಂದೆ ಅವರದೇ ಸ್ಟುಡಿಯೋ ಮೊಹರು. ಎರಡು ದಿನ ಅವರು ಬೀಗರ ಮನೆಯ ಯಜಮಾನರ ಹಾಗೆ ಓಡಾಡಿದರು. ತೊಂದರೆ ಒಂದೇ. ಹದಿಮೂರರಲ್ಲಿ ಎರಡು ಒಂದೇ ಫೋಟೋದ ಎರಡು ಪ್ರತಿ. ಒಂದನ್ನು ತಂದವಳು ನಮ್ಮ ಬೀದಿಯ ಜಯಮ್ಮ. ಇನ್ನೊಂದನ್ನು ಕಳಿಸಿದವರು ಹಾಗಲವಾಡಿಯ ನಂಜಪ್ಪ, ಜಯಮ್ಮನ ಸ್ವಂತ ಅಣ್ಣ.

ಈ ಅಣ್ಣ ತಂಗಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ, ಫೋಟೋದಲ್ಲಿ ಅವರ ತಾಯಿಯ ಕೊರಳಲ್ಲಿದ್ದ ಕಾಸಿನ ಸರ. "ಸರ ಎಲ್ಲೈತವ್ವ?" ಎಂದು ಮಕ್ಕಳು ಕೇಳಿದಾಗಲೆಲ್ಲ ಆ ತಾಯಿ "ಜೋಪಾನವಾಗೈತೆ" ಎನ್ನುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಹುಡುಕಿದರೆ ಸಿಗಲಿಲ್ಲ. ಅತ್ತಿಗೆ ಬಚ್ಚಿಟ್ಟಿದ್ದಾಳೆಂದು ಜಯಮ್ಮ, ತಂಗಿ ಹೊತ್ತುಕೊಂಡು ಹೋದಳೆಂದು ನಂಜಪ್ಪ.

ಒಂದೇ ಫೋಟೋವನ್ನು ಎರಡು ಹೆಸರಲ್ಲಿ ತೆಗೆದುಕೊಳ್ಳುವಂತಿಲ್ಲ. ಗಿರೀಶ ಇಬ್ಬರನ್ನೂ ಸಂಘದ ಕೋಣೆಗೆ ಕರೆಸಿದ. ಬಂದವರು ಮೇಜಿನ ಎರಡು ತುದಿಯಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ನನಗೆ ಹೇಳುವಂತೆ ಜಗಳವಾಡಿದರು. "ಸರ ಇಟ್ಕೊಂಡವ್ರು ಫೋಟೋನಾದ್ರೂ ಬಿಡ್ಲಿ ಅಂತ ಹೇಳಿ ಗೌರಮ್ಮ" ಎಂದಳು ಜಯಮ್ಮ. "ಯಾರು ಇಟ್ಕೊಂಡವ್ರೆ ಅಂತ ದೇವ್ರಿಗೇ ಗೊತ್ತು ಅಂತ ಹೇಳಿ ತಾಯಿ" ಎಂದರು ನಂಜಪ್ಪ. ನಾನು ಎರಡನ್ನೂ ಬರೆದುಕೊಂಡೆ.

ಮೂಲ ಪ್ರತಿ ಯಾವುದೆಂದು ತಿಳಿಯಲು ರಂಗಪ್ಪನವರು ಭೂತಗನ್ನಡಿ ತೆಗೆದರು. ಬಗ್ಗಿ ನೋಡಿದರು. ಕೆಳಗಿಟ್ಟು ಕರವಸ್ತ್ರದಲ್ಲಿ ಒರೆಸಿ ಮತ್ತೆ ನೋಡಿದರು. ಅವರ ಕಿವಿ ಕೆಂಪಾಯಿತು. "ಗೌರಮ್ನೋರೆ, ಮೂರನೇ ರೂಲ್ ಓದಿ" ಎಂದರು.

ನಾನು ಸಣ್ಣ ದನಿಯಲ್ಲಿ ಓದಿದೆ. ಇಲ್ಲದ್ದನ್ನು ಸೇರಿಸಬಾರದು.

"ಈ ಸರ ಬರ್ದಿದ್ದು ನಾನು" ಎಂದರು. "ನಿಮ್ಮವ್ವ ಬಂದಾಗ ಕೊರಳಲ್ಲಿ ತಾಳಿ ಬಿಟ್ರೆ ಏನೂ ಇರ್ಲಿಲ್ಲ. ಒಂದು ಸರ ಹಾಕ್ಬುಡಪ್ಪ, ಯಾರ್ಗೂ ಹೇಳ್ಬೇಡ ಅಂದ್ರು. ನೆಗೆಟಿವ್ ಮೇಲೇ ಬ್ರಷ್ಷಲ್ಲಿ ಹಾಕ್ದೆ. ಇಲ್ನೋಡಿ, ಎಡಕ್ಕೆ ಹನ್ನೆರಡು ಕಾಸು, ಬಲಕ್ಕೆ ಒಂಬತ್ತು. ಮಧ್ಯದಲ್ಲಿ ಯಾರೋ ಗಿರಾಕಿ ಕರದ್ರು, ಎದ್ದೋದೆ. ನೆರಳು ಬರಿಯೋದೂ ಮರ್ತೆ."

ಭೂತಗನ್ನಡಿ ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು. ಇಬ್ಬರೂ ಕಾಸು ಎಣಿಸಿದರು. ಹನ್ನೆರಡು, ಒಂಬತ್ತು. ಹನ್ನೊಂದು ವರ್ಷ ಎರಡು ಮನೆಯ ಗೋಡೆಯ ಮೇಲಿದ್ದ ಫೋಟೋದಲ್ಲಿ ಯಾರೂ ಅದನ್ನು ಎಣಿಸಿರಲಿಲ್ಲ.

"ಸರ ಹುಡ್ಕಕ್ಕೆ ಅಟ್ಟದ ಮೇಲಿದ್ದ ಗುಡಾಣನೆಲ್ಲ ಒಡಸ್ಬುಟ್ನಲ್ಲ ಜಯ" ಎಂದರು ನಂಜಪ್ಪ, ನೇರವಾಗಿ ತಂಗಿಗೇ.

"ನಾನು ಅತ್ಗೆ ಕೈಲಿ ದೇವ್ರ ಮುಂದೆ ಆಣೆ ಮಾಡ್ಸಿದ್ದೆ ಕಣಣ್ಣ" ಎಂದು ಜಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅತ್ತಳು. ಆಮೇಲೆ ಅಣ್ಣನನ್ನು ಕಾಫಿಗೆ ಮನೆಗೆ ಕರೆದುಕೊಂಡು ಹೋದಳು. ಎರಡು ಫೋಟೋ ಮೇಜಿನ ಮೇಲೇ ಉಳಿದವು.

ರಂಗಪ್ಪನವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಉಳಿದ ಹನ್ನೊಂದನ್ನೂ ಎಳೆದುಕೊಂಡರು. "ಇವ್ರ ಮೀಸೆ ನಂದು. ಅನರ್ಹ. ಈವಮ್ಮನ ಮಚ್ಚೆ ತೆಗ್ದೋನು ನಾನು. ಅನರ್ಹ." ಬೇಡ ಸಾರ್, ಹಳೇ ಕಾಲದ್ದಲ್ಲವೇ ಎಂದು ಗಿರೀಶ ಬೇಡಿಕೊಂಡರೂ ಕೇಳಲಿಲ್ಲ. ನಾನು ದುಂಡಗೆ ಹದಿಮೂರು ಸಲ ಅನರ್ಹ ಎಂದು ಬರೆದೆ. ಬಹುಮಾನ ಉಳಿದ ಒಂದಕ್ಕೆ ಹೋಯಿತು. ಯಾರದೋ ಚಿಕ್ಕಪ್ಪ ಎಂದೋ ತೆಗೆದದ್ದು. ಅದರಲ್ಲಿ ಒಂದು ಎಮ್ಮೆ ಪೂರ್ತಿ ಇತ್ತು, ಅದರ ಯಜಮಾನರು ಅರ್ಧ ಇದ್ದರು.

ಮನೆಗೆ ನಡೆಯುವಾಗ ಅವರು ಯಾರ ಗಲ್ಲವನ್ನೂ ತಿದ್ದಲಿಲ್ಲ. ಮಾನ ಹೋದದ್ದಕ್ಕೆ ಬೇಸರ ಎಂದುಕೊಂಡೆ. "ಆವಮ್ಮಂಗೆ ಮಾತು ಕೊಟ್ಟಿದ್ದೆ, ಮುರಿದ್ಬುಟ್ಟೆ" ಎಂದರು. ನಾನು ನೆಲ ನೋಡಿಕೊಂಡು, ಸರ ಜೋಪಾನವಾಗಿದೆ ಎಂದು ಆ ತಾಯಿ ಹೇಳುತ್ತಿದ್ದರಂತೆ, ಫೋಟೋದಲ್ಲಿ ಈಗಲೂ ಹಾಗೇ ಇದೆಯಲ್ಲ ಎಂದೆ. ಸ್ವಲ್ಪ ದೂರ ನಡೆದ ಮೇಲೆ ಒಬ್ಬರೇ ನಕ್ಕರು.

ಮರುವರ್ಷ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ನಮ್ಮ ಮದುವೆ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಹೇಗೆ ಕೇಳುವುದೆಂದು ತಿಳಿಯದೆ ಮುಂದೆ ಹಿಡಿದೆ. ಅವರು ಭೂತಗನ್ನಡಿಯನ್ನೂ ಕೇಳಲಿಲ್ಲ.

"ಕಣ್ಣು ನಂದು" ಎಂದರು. "ನೀವು ಗಟ್ಟಿಯಾಗಿ ಮುಚ್ಕೊಂಡ್ಬುಟ್ಟಿದ್ರಿ. ನಿಮ್ಮ ಯಜಮಾನ್ರು ನೋಡಿ, ನಮ್ಮನೆಯವ್ಳು ಹಿಂಗೇನೆ, ಹಂಗೇ ಇರ್ಲಿ ಬುಡಿ ಅಂದ್ರು. ನಾನೇ ಕೇಳ್ಲಿಲ್ಲ."

ಐವತ್ತು ವರ್ಷದ ನಂತರ ಗೊತ್ತಾಯಿತು ನೋಡಿ, ನಿಮ್ಮ ತಾತ ಹಾಗೆ ಅಂದಿದ್ದರೆಂದು. ನಿಮ್ಮಪ್ಪ ಕೊಡಿಸಿದ್ದ ಮೊಬೈಲಿನಲ್ಲಿ ನಾನು ಅವರದೊಂದು ಫೋಟೋ ತೆಗೆದೆ. ಒತ್ತುವ ಹೊತ್ತಿಗೆ ಸರಿಯಾಗಿ ಅವರು ಎರಡು ಬೆರಳನ್ನು ನನ್ನ ಕಡೆ ಎತ್ತಿದರು.

ಅವರು ಹೋದ ಮೇಲೆ ಹಾರ ಹಾಕಲು ಅದೇ ಫೋಟೋ ಬೇಕಾಯಿತು. ಮುಖದ ಮುಂದೆ ಮಸುಕಾಗಿ ಕೈ ಬಂದಿದೆ, ಅಂಗಡಿಯವರಿಗೆ ಹೇಳಿ ಅಳಿಸೋಣ ಎಂದಳು ಅವರ ಮಗಳು. ಕೋಣೆಯ ತುಂಬ ಜನ ಇದ್ದರು. ಆದರೂ ನಾನು ಎಲ್ಲರಿಗೂ ಕೇಳುವಂತೆಯೇ ಹೇಳಿದೆ: "ಇದ್ದಿದ್ದನ್ನ ತೆಗೀಬಾರ್ದು ಕಣಮ್ಮ."

ಕೈ ಹಾಗೇ ಇದೆ. ಆ ಮನೆಯ ನಡುಮನೆಗೆ ಹೋದಾಗಲೆಲ್ಲ ನನ್ನ ಗಲ್ಲ ತಾನಾಗಿ ಒಂದಿಷ್ಟು ಕೆಳಗಿಳಿಯುತ್ತದೆ.