ಹುಲ್ಲು ಸುಟ್ಟ ಬೆಳಗು

ನನ್ನ ಹೆಂಡತಿಗೆ ಮರೆವಿನ ಕಾಯಿಲೆ ಬಂದ ಮೇಲೆ ನಾವಿಬ್ಬರೂ ಜೊತೆಯಾಗಿ ಮಾಡಬಹುದಾದದ್ದು ಎಂದು ಉಳಿದದ್ದು ಬೆಳಗಿನ ನಡಿಗೆ ಮಾತ್ರ. ದಿಲ್ಲಿ ಪಕ್ಕದ ಗುರುಗ್ರಾಮದಿಂದ ಮಾನೇಸರ್ ಕಡೆಗೆ ಹೋಗುವ ಹೆದ್ದಾರಿಯ ಪಕ್ಕ, ಅರಾವಳಿಯ ಕುಳ್ಳ ಗುಡ್ಡಗಳ ಬುಡದಲ್ಲಿ ಒಂದು ಅರಣ್ಯ ಉದ್ಯಾನವಿದೆ. ಕೇಂದ್ರ ಸರ್ಕಾರದ ಕಚೇರಿಯಿಂದ ನಾನು ನಿವೃತ್ತನಾದ ಮೇಲೆ ಕೊಂಡ ಫ್ಲ್ಯಾಟು ಅದರ ಕಾಂಪೌಂಡಿಗೆ ಅಂಟಿಕೊಂಡ ಹಾಗೇ ಇದೆ. ಅದು ಕಾಡು ಎನ್ನುವಷ್ಟು ದಟ್ಟವಲ್ಲ, ಪಾರ್ಕು ಎನ್ನುವಷ್ಟು ಒಪ್ಪವೂ ಅಲ್ಲ. ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವ ಮುಳ್ಳುಮರ ಇಲ್ಲಿ ಕೀಕರ್. ಅದರ ನಡುವೆ ಎದೆಯೆತ್ತರದ ಹುಲ್ಲು, ನವಿಲು, ಒಮ್ಮೊಮ್ಮೆ ಕುದುರೆಯಷ್ಟೆತ್ತರದ ಜಿಂಕೆಯಂಥ ನೀಲ್‌ಗಾಯ್. ಓಡುವವರಿಗೆ ಮಣ್ಣಿನ ದಾರಿ, ಮಕ್ಕಳಿಗೆ ಉಯ್ಯಾಲೆ, ನನ್ನಂಥವರಿಗೆ ಬೆಂಚು.

ಅವಳು ನನ್ನ ಮಣಿಕಟ್ಟು ಹಿಡಿದು ನಡೆಯುತ್ತಿದ್ದಳು. ನಾನು ಯಾರು ಎಂಬುದು ಅಷ್ಟು ಹೊತ್ತಿಗೆ ಅವಳಿಂದ ಜಾರಿಹೋಗಿತ್ತು. ಆದರೂ ಒರಟಾಗಿ ನಡೆದುಕೊಂಡವಳಲ್ಲ. ಮನೆಗೆ ಬಂದ ನೆಂಟನನ್ನು ವಿಚಾರಿಸುವಂತೆ ದಿನಕ್ಕೆ ಹಲವು ಸಲ, "ತಿಂಡಿ ಆಯ್ತಾ ನಿಮ್ದು? ನಾಚಿಕೋಬೇಡಿ," ಎನ್ನುತ್ತಿದ್ದಳು. ನಾನು ಆಯ್ತು ಎನ್ನುತ್ತಿದ್ದೆ.

ಚಳಿ ಇಳಿಯುತ್ತಿದ್ದಾಗ ಉದ್ಯಾನದ ಗೇಟಿನಲ್ಲಿ ಒಂದು ನೋಟಿಸು ಕಾಣಿಸಿಕೊಂಡಿತು. ಪೂರ್ವದ ಮೂಲೆಯಲ್ಲಿ ಒಣಹುಲ್ಲನ್ನು ಇಲಾಖೆಯವರೇ ಸುಡುತ್ತಾರೆ, ಆ ದಿನ ಅತ್ತ ಯಾರೂ ಬರಬಾರದು ಎಂದಿತ್ತು. ಬೆಳಗಿನ ನಡಿಗೆಯವರ ವಾಟ್ಸಾಪ್ ಗುಂಪು ಕುದಿಯಿತು. ಉದ್ಯಾನದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗೇಟಿನ ಬಳಿ ನಿಂತು ಎಲ್ಲರಿಗೂ ತಾಳ್ಮೆಯಿಂದ ತಿಳಿಸಿ ಹೇಳಿದಳು: ಬೇಸಿಗೆಯಲ್ಲಿ ಬಿಸಿಗಾಳಿ ಎದ್ದಾಗ ಯಾರೋ ಎಸೆದ ಒಂದು ಬೀಡಿ ಸಾಕು, ಗುಡ್ಡವೇ ಹೊತ್ತಿಕೊಳ್ಳುತ್ತದೆ. ಈಗಲೇ, ಇಬ್ಬನಿ ಇರುವಾಗ, ಗಾಳಿ ಇಲ್ಲದ ಹೊತ್ತು ನೋಡಿ ಅಂಚನ್ನು ಸುಟ್ಟುಬಿಟ್ಟರೆ ಮುಂದೆ ಬರುವ ಬೆಂಕಿಗೆ ಅಲ್ಲಿ ತಿನ್ನಲು ಏನೂ ಇರುವುದಿಲ್ಲ. "ಬೇಟಿ, ಚಳಿಗಾಲವಿಡೀ ಹೊಗೆ ಕುಡಿದಿದ್ದೇವೆ. ಈಗ ಪಾರ್ಕಿನಲ್ಲೂ ಹೊಗೆಯೇ?" ಎಂದು ಒಬ್ಬ ಹಿರಿಯರು ಹಿಂದಿಯಲ್ಲಿ ಕೇಳಿದರು. ಅವರ ಕೈಯಲ್ಲಿ ಇನ್‌ಹೇಲರ್ ಇತ್ತು. ನನಗೆ ಇಬ್ಬರ ಮಾತೂ ಸರಿ ಎನ್ನಿಸಿತು.

ಬೆಂಕಿ ಹಚ್ಚುವ ದಿನ ಮನೆಯಲ್ಲೇ ಇರಬೇಕೆಂದುಕೊಂಡಿದ್ದೆ. ಆದರೆ ನಡಿಗೆಯ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತುಬಿಟ್ಟಳು. ಸರಿ ಎಂದು ಕರೆದುಕೊಂಡು ಹೋದೆ. ಪೂರ್ವದ ಮೂಲೆಗೆ ಹಗ್ಗ ಕಟ್ಟಿದ್ದರು. ನೀರಿನ ಟ್ಯಾಂಕರ್ ನಿಂತಿತ್ತು. ಕೆಲಸದವರು ಒಂದು ಸಾಲಿನಲ್ಲಿ ನಿಂತು ಹುಲ್ಲಿನ ಅಂಚಿಗೆ ಬೆಂಕಿ ಮುಟ್ಟಿಸುತ್ತಿದ್ದರು. ಹಿಂದೆ ಬಂದವರು ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಅದನ್ನು ಹದ್ದುಬಸ್ತಿನಲ್ಲಿಡುತ್ತಿದ್ದರು. ಉರಿ ಮೊಣಕಾಲಿನಷ್ಟೂ ಏಳಲಿಲ್ಲ. ಬಿಳಿ ಹೊಗೆ ನೆಲದ ಮೇಲೇ ಹರಿದು ನಮ್ಮ ಕಡೆ ಬಂತು.

ಅವಳು ನನ್ನ ಮಣಿಕಟ್ಟು ಬಿಟ್ಟಳು.

ನಾನು ನೋಡುತ್ತಿದ್ದ ಹಾಗೆ ಹಗ್ಗದಡಿ ನುಸುಳಿ, ಬಿದ್ದಿದ್ದ ಒಂದು ಕೊಂಬೆ ಎತ್ತಿಕೊಂಡು, ದಾರಿಗೆ ಹಾರಿದ್ದ ಕಿಡಿಗಳನ್ನು ಬಡಿಯತೊಡಗಿದಳು. ನನಗೆ ಗಾಬರಿಯಾಯಿತು. ಅಧಿಕಾರಿ ಓಡಿಬಂದಳು. "ಆಂಟೀಜಿ, ಬನ್ನಿ, ಸಾಕು," ಎಂದು ಹಿಂದಿಯಲ್ಲಿ ಹೇಳುತ್ತ ಮೆಲ್ಲಗೆ ಅವಳ ಹೆಗಲು ಹಿಡಿದು ಈಚೆ ಕರೆತಂದಳು. ಬೈಯಲಿಲ್ಲ. ಟ್ಯಾಂಕರ್ ಪಕ್ಕದ ಕಲ್ಲಿನ ಮೇಲೆ ಇಬ್ಬರನ್ನೂ ಕೂರಿಸಿ ನೀರು ಕೊಟ್ಟಳು.

ನನ್ನ ಮಾವನವರು ಬಂಡೀಪುರದ ಕಡೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವರು. ಬೇಸಿಗೆಗೆ ಮುಂಚೆ ಅಲ್ಲೂ ಹೀಗೇ ಬೆಂಕಿ ರೇಖೆ ಸುಡುತ್ತಿದ್ದರಂತೆ. ಕ್ವಾರ್ಟರ್ಸಿನ ಮಕ್ಕಳೆಲ್ಲ ಸೊಪ್ಪು ಹಿಡಿದು ಹಿಂದೆ ಹೋಗುತ್ತಿದ್ದರು ಎಂದು ಮದುವೆಯಾದ ಹೊಸತರಲ್ಲಿ ಅವಳೇ ಒಮ್ಮೆ ಹೇಳಿದ್ದಳು. ನೀರು ಕುಡಿದು ನನ್ನ ಕಡೆ ತಿರುಗಿದವಳ ಮುಖ ತಿಳಿಯಾಗಿತ್ತು. ಎಷ್ಟೋ ಕಾಲದಿಂದ ಅವಳ ಕಣ್ಣುಗಳಲ್ಲಿ ನಾನು ಅಂಥ ಗುರುತು ಕಂಡಿರಲಿಲ್ಲ.

"ಮಾಮ, ಅಪ್ಪ ಎಲ್ಲಿ?" ಎಂದಳು.

ನನ್ನನ್ನು ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಯಾರೋ ಗಾರ್ಡ್ ಎಂದುಕೊಂಡಿದ್ದಾಳೆ ಎಂದು ನನಗೆ ತಿಳಿಯಿತು. "ಆ ಕಡೆ ಹೋಗಿದ್ದಾರೆ, ಬರ್ತಾರೆ," ಎಂದೆ.

"ಅವರು ಬರೋದ್ರೊಳಗೆ ನಿಮ್ಮ ಹತ್ರ ಒಂದು ಮಾತು. ನಂಗೆ ಮದುವೆ ಗೊತ್ತಾಗಿದೆಯಲ್ಲ?"

"ಹೌದಾ? ಹುಡುಗ ಯಾರು?"

"ದಿಲ್ಲೀಲಿ ಗೌರ್ಮೆಂಟ್ ಕೆಲಸವಂತೆ. ಬಂದಿದ್ರು ನೋಡೋಕೆ. ಕೆಟ್ಟೋರಲ್ಲ." ಸೀರೆಯ ಮೇಲೆ ಬಿದ್ದ ಬೂದಿಯನ್ನು ಊದಿದಳು. "ಆದ್ರೆ ನಂಗೆ ಹೋಗೋಕೆ ಇಷ್ಟ ಇಲ್ಲ ಮಾಮ. ಒಂಚೂರೂ ಇಲ್ಲ. ಅಪ್ಪನ ಎದುರು ಬಾಯಿ ಬರಲ್ಲ ನಂಗೆ. ನೀವು ಒಂದು ಮಾತು ಹೇಳ್ತೀರಾ? ನೀವು ಹೇಳಿದ್ರೆ ಕೇಳ್ತಾರೆ."

ನಾನು ಅವಳನ್ನು ನೋಡಲು ಹೋದ ದಿನ ನೆನಪಾಯಿತು. ಕಾಫಿ ಲೋಟ ಇಟ್ಟು ಒಳಗೆ ಹೋಗಿದ್ದಳು. ಹುಡುಗಿಗೆ ನಾಚಿಕೆ ಎಂದು ನಮ್ಮ ಕಡೆಯವರೆಲ್ಲ ನಕ್ಕಿದ್ದೆವು.

"ಹೇಳ್ತೀನಿ," ಎಂದೆ.

"ಇವತ್ತೇ ಹೇಳಿ."

"ಇವತ್ತೇ ಹೇಳ್ತೀನಿ ಮಗಳೇ."

ಅವಳು ನಿಟ್ಟುಸಿರು ಬಿಟ್ಟು ನನ್ನ ಕೈಯನ್ನು ತಟ್ಟಿದಳು. ಆಮೇಲೆ ಹೊಗೆಯ ಕಡೆ ನೋಡುತ್ತ ಹಾಯಾಗಿ ಕುಳಿತಳು.

ಮನೆಗೆ ಬಂದ ಮೇಲೆ ಆ ಮಾತನ್ನು ಮರೆತಿರುತ್ತಾಳೆ ಎಂದು ನಂಬಿದ್ದೆ. ಸಂಜೆ ನಾನು ಚಹಾ ಕೊಟ್ಟಾಗ ದನಿ ತಗ್ಗಿಸಿ, "ಹೇಳಿದ್ರಾ?" ಎಂದಳು. "ಹೇಳಿದೆ. ಒಪ್ಪಿದ್ರು. ಮದುವೆ ಇಲ್ಲ," ಎಂದೆ. ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ನಕ್ಕಳು. ಅಷ್ಟು ಸಂತೋಷವಾಗಿ ನಗುವುದನ್ನು ನಮ್ಮ ಸಂಸಾರದಲ್ಲಿ ನಾನು ನೋಡಿದ್ದೇನೆಯೇ ಎಂದು ಯೋಚಿಸಿದೆ. ಕರೋಲ್ ಬಾಗಿನ ನಮ್ಮ ಮೊದಲ ಬಾಡಿಗೆ ಕೋಣೆಯಲ್ಲಿ, ಮಗಳು ಹುಟ್ಟಿದಾಗ, ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಾಗ ಅವಳು ನಕ್ಕದ್ದು ನೆನಪಿದೆ. ಈ ನಗು ಬೇರೆ.

ದಿಲ್ಲಿಯ ಹೌಜ್ ಖಾಸ್‌ನಲ್ಲಿರುವ ನಮ್ಮ ಮಗಳು ಭಾನುವಾರ ಬಂದಳು. ಅವಳಮ್ಮ ಮಲಗಿದ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಕಾಯಿಲೆಯ ಮಾತು ಅದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅವಳು ಹೇಳುತ್ತಾಳೆ ಎಂಬ ಆಸೆ ನನಗೆ. ಅವಳು ತಲೆ ತಗ್ಗಿಸಿದಳು.

"ಪಪ್ಪಾ, ಅಮ್ಮ ನಂಗೆ ಹೇಳಿದ್ರು. ನನ್ನ ಶಾದಿ ಟೈಮಲ್ಲಿ."

"ಏನಂತ?"

"ನಿಂಗೆ ಮನಸ್ಸಿಲ್ಲ ಅಂದ್ರೆ ಬೇಡ ಅಂತ ಹೇಳು, ನಂಗೆ ಹೇಳೋಕೆ ಆಗ್ಲಿಲ್ಲ ಅಂತ. ಆಮೇಲೆ ಏನಾಯ್ತು ಅಂತ ಕೇಳ್ದೆ. ಅಭ್ಯಾಸ ಆಯ್ತು ಅಂದ್ರು." ತಲೆಯೆತ್ತಿ, "ಲೇಕಿನ್ ಅವರು ಅಳ್ತಾ ಹೇಳ್ಲಿಲ್ಲ ಪಪ್ಪಾ," ಎಂದಳು.

ನಾನು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಕೋಪವೇನೂ ಬರಲಿಲ್ಲ. ಯಾರ ಮೇಲೆ ಬರಬೇಕು? ಕೆಟ್ಟೋರಲ್ಲ ಎಂದು ನನ್ನ ಹೆಂಡತಿಯೇ ನನ್ನ ಬಗ್ಗೆ ಹೇಳಿದ್ದಳು. ಒಟ್ಟಿಗೆ ಕಳೆದ ಒಂದು ಬದುಕಿಗೆ ಅಷ್ಟೇ ಸಾಲುವುದಿಲ್ಲ ಎಂದು ತಿಳಿಯಲು ನನಗೆ ಮುದುಕನಾಗಬೇಕಾಯಿತು.

ಆಮೇಲೆ ಅವಳು ಮದುವೆಯ ವಿಷಯ ಎತ್ತಲಿಲ್ಲ. ಆದರೆ ದಿನಾ ನಡಿಗೆಯಲ್ಲಿ ಸುಟ್ಟ ಮೂಲೆಯ ಬಳಿ ನಿಲ್ಲುತ್ತಿದ್ದಳು. ಕಪ್ಪು ನೆಲದಲ್ಲಿ ಹಸಿರು ಚಿಗುರು ಬಂದಾಗ ಬಗ್ಗಿ ಮುಟ್ಟಿದಳು. ಬೇಸಿಗೆಯಲ್ಲಿ ಹೆದ್ದಾರಿಯ ಕಡೆಯಿಂದ ನಿಜವಾಗಿಯೂ ಬೆಂಕಿ ಬಂತು. ಪೂರ್ವದಲ್ಲಿ ಸುಟ್ಟ ಅಂಚಿಗೆ ತಲುಪಿ ನಿಂತು, ಪಶ್ಚಿಮಕ್ಕೆ ತಿರುಗಿತು. ಸುಡದೆ ಬಿಟ್ಟಿದ್ದ ಪಶ್ಚಿಮದ ಗುಡ್ಡ ಮಾತ್ರ ಪೂರ್ತಿ ಹೋಯಿತು. ಬಾಲ್ಕನಿಯಿಂದ ನೋಡುತ್ತಿದ್ದೆವು. ಅಲ್ಲಿಯ ನವಿಲುಗಳು ನಮ್ಮ ಸೊಸೈಟಿಯ ಪಾರ್ಕಿಂಗಿಗೆ ಬಂದು ಕಾರುಗಳ ನಡುವೆ ನಿಂತಿದ್ದವು. ಉದ್ಯಾನಕ್ಕೆ ಬೀಗ ಹಾಕಿದರು. ನಡಿಗೆ ನಿಂತಿತು. ಬಾಗಿಲ ಬಳಿ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದವಳು ಬರಬರುತ್ತ ಹಾಸಿಗೆಯಿಂದಲೂ ಏಳದಾದಳು. ದೀಪಾವಳಿ ಕಳೆದು, ಆಕಾಶ ಬೂದಿಯ ಬಣ್ಣಕ್ಕೆ ತಿರುಗಿದ ದಿನಗಳಲ್ಲಿ ಅವಳ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನಾನು ಅವಳ ಕಾಲು ಒತ್ತುತ್ತಿದ್ದಾಗ, ಹೋಗಿಬಿಟ್ಟಳು.

ಈಗ ಉದ್ಯಾನ ಮತ್ತೆ ತೆರೆದಿದೆ. ಈ ವರ್ಷ ಎರಡೂ ಬದಿ ಸುಡಬೇಕು ಎಂದು ವಾಟ್ಸಾಪ್ ಗುಂಪಿನವರೇ ಅರ್ಜಿ ಕೊಟ್ಟಿದ್ದಾರೆ. ಮೊನ್ನೆ ಹೋದಾಗ ಇಡೀ ವರ್ಷ ಮಗನ ಮನೆಯಲ್ಲಿದ್ದು ಬಂದ ಒಬ್ಬ ಹಳೆಯ ಪರಿಚಯದ ಹೆಂಗಸು ದಾರಿಯಲ್ಲಿ ಸಿಕ್ಕರು. ಅವರಿಗೆ ವಿಷಯ ಗೊತ್ತಿರಲಿಲ್ಲ. ನನ್ನ ಪಕ್ಕ ಯಾರೂ ಇಲ್ಲದ್ದನ್ನು ನೋಡಿ, "ಭಾಯಿಸಾಬ್, ಭಾಭೀಜಿ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದರು.

ಸತ್ಯ ಹೇಳಬೇಕೆಂದೇ ಬಾಯಿ ತೆರೆದೆ. "ಊರಿಗೆ ಹೋಗಿದ್ದಾಳೆ," ಎಂದುಬಿಟ್ಟೆ.

"ಅಚ್ಛಾ, ಒಳ್ಳೇದಾಯ್ತು. ಯಾವಾಗ ಬರ್ತಾರೆ?"

"ಅಲ್ಲೇ ಇರ್ತಾಳಂತೆ," ಎಂದೆ. ಅವರು ತಲೆಯಾಡಿಸಿ ಮುಂದೆ ನಡೆದರು.